ಫೋನು ನುಂಗಿದ ಸದ್ದು

ಬೆಳಿಗ್ಗೆ ಒಂಬತ್ತೂವರೆಗೆ ಆ ಮನೆಯ ಊಟದ ಮೇಜು ಎರಡು ರಾಜ್ಯವಾಗುತ್ತಿತ್ತು. ಕಿಟಕಿಯ ಕಡೆಯದು ಮೂರನೇ ತರಗತಿ. ಗೋಡೆಯ ಕಡೆಯದು ಬಾಯ್ಲರ್ ತಪಾಸಣಾ ವಿಭಾಗ. ನಡುವೆ ಗಡಿಕಲ್ಲಿನಂತೆ ಒಂದು ನೀರಿನ ಹೂಜಿ. ಒಂದು ಕಡೆ ಮಗಳು ಏಳರ ಮಗ್ಗಿ ಒಪ್ಪಿಸುತ್ತಿದ್ದರೆ, ಇನ್ನೊಂದು ಕಡೆ ಅವಳಮ್ಮ ಫೋನಿನ ಪರದೆಗೆ ಹಣೆ ತಾಗುವಷ್ಟು ಬಗ್ಗಿ, "ಸ್ವಲ್ಪ ಎಡಕ್ಕೆ ಹಿಡೀರಿ... ಇನ್ನೂ ಎಡಕ್ಕೆ... ಆ ಮುಳ್ಳು ಎಲ್ಲಿ ನಿಂತಿದೆ ತೋರ್ಸಿ" ಎನ್ನುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತ ಅತ್ತೆ ಎರಡೂ ರಾಜ್ಯಗಳ ಸುದ್ದಿಗೆ ಕಿವಿ ಕೊಟ್ಟು ಕಾಳು ಆರಿಸುತ್ತಿದ್ದರು.

"ಅಲ್ಲ ಕಣೇ," ಎಂದರು ಅತ್ತೆ, ಕರೆ ಮುಗಿಯುವುದನ್ನೇ ಕಾದಿದ್ದವರಂತೆ. "ನಲವತ್ತು ವರ್ಷ ಹೊಲಿಗೆ ಹಾಕಿ ಬದುಕಿದೋಳು ನಾನು. ಅಳತೆ ಬೇಕು ಅಂದ್ರೆ ಮೈಗೆ ಟೇಪು ಹಿಡೀಬೇಕು. ಫೋಟೊ ನೋಡಿ ಅಂಗಿ ಹೊಲಿದ್ರೆ ಅದು ಯಾರಿಗೆ ಆಗುತ್ತೆ?"

"ಕಾಲ ಹಾಗಿದೆಯಲ್ಲ ಅತ್ತೆ. ಏನ್ಮಾಡೋದು."

"ಕಾಲ ಹಾಗಿದೆ ಅಂತ ಕುತ್ತಿಗೆ ಅಳತೆ ಬದಲಾಗುತ್ತೇನೆ?"

ಸೊಸೆ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದಳು. ಅತ್ತೆಯ ಮಾತಿಗೆ ಒಂದು ಮಾತು ಸೇರಿಸಿ ಕೊಡುವವಳು ಅವಳು. ಈಗ ತಲೆಯಾಡಿಸಿ ಮುಂದಿನ ಸಂಖ್ಯೆ ಒತ್ತಿದಳು.

ಕಾರ್ಖಾನೆಗಳಲ್ಲಿ ಅವಳಿಗೆ ಸುತ್ತಿಗೆಯಕ್ಕ ಎಂದೇ ಹೆಸರು. ಹಬೆ ಎಬ್ಬಿಸುವ ದೊಡ್ಡ ಬಾಯ್ಲರುಗಳನ್ನು ವರ್ಷಕ್ಕೊಮ್ಮೆ ಆರಿಸಿ, ತಣಿಸಿ, ಹೊಕ್ಕು ನೋಡಿ, "ಇನ್ನೊಂದು ವರ್ಷ ಉರಿಸಬಹುದು" ಎಂದು ಪ್ರಮಾಣಪತ್ರ ಕೊಡುವುದು ಅವಳ ಸಂಸ್ಥೆಯ ಕೆಲಸ. ಹದಿನಾರು ವರ್ಷದಿಂದ ಅವಳದೂ ಅದೇ. ಮಡಕೆ ಕೊಳ್ಳುವವರು ಬೆರಳು ಮಡಿಸಿ ತಟ್ಟಿ ನೋಡುವುದಿಲ್ಲವೆ, ಹಾಗೆಯೇ ಬಾಯ್ಲರಿನ ಉಕ್ಕನ್ನೂ ಗೇಣುದ್ದದ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಒಳಗೊಳಗೆ ತಿಂದುಹೋದದ್ದು ಡೊಬ್ ಎನ್ನುತ್ತದೆ. ಅಳೆಯುವ ಉಪಕರಣಗಳು ಎಷ್ಟೋ ಬಂದಿವೆ, ಆದರೆ ಉಪಕರಣವನ್ನು ಎಲ್ಲಿ ಇಡಬೇಕು ಎಂದು ಹೇಳುವುದು ಸುತ್ತಿಗೆಯೇ. ಅವಳು ತಟ್ಟುತ್ತಿದ್ದರೆ ಹತ್ತು ಮಂದಿ ಉಸಿರು ಹಿಡಿದು ನಿಲ್ಲುತ್ತಿದ್ದರು, ವೈದ್ಯರು ಎದೆಗೆ ಕೊಳವೆ ಇಟ್ಟಾಗ ಮನೆಯವರು ನಿಲ್ಲುವ ಹಾಗೆ.

ಆಮೇಲೆ ಕಾಯಿಲೆ ಬಂತು. ಊರಿಂದೂರಿಗೆ, ಬೀದಿಯಿಂದ ಬೀದಿಗೆ, ಕೊನೆಗೆ ಅವರ ಕಚೇರಿಯ ಮೆಟ್ಟಿಲಿಗೂ ಬಂತು. ನಲವತ್ತು ತಪಾಸಕರಲ್ಲಿ ಹನ್ನೊಂದು ಜನ ಮಲಗಿದರು, ಇಬ್ಬರು ಏಳಲೇ ಇಲ್ಲ. ಆಗ ವಿಭಾಗದ ಮುಖ್ಯಸ್ಥರು ಒಂದು ವ್ಯವಸ್ಥೆ ಮಾಡಿದರು: ಯಾರೂ ಎಲ್ಲಿಗೂ ಹೋಗುವುದು ಬೇಡ, ಬಾಯ್ಲರ್ ನೋಡಿಕೊಳ್ಳುವವನೇ ಫೋನು ಹಿಡಿದು ತೋರಿಸಲಿ, ಮನೆಯಲ್ಲೇ ಕೂತು ನೋಡಿ ಆರು ತಿಂಗಳ ಮಟ್ಟಿಗೆ ಪತ್ರ ಕೊಡಿ. ಹನ್ನೆರಡು ಪ್ರಶ್ನೆಯ ಒಂದು ಫಾರಂ ಕಂಪ್ಯೂಟರಿನಲ್ಲಿ ಬಂತು. ದಿನಕ್ಕೆ ಎಂಟು ಕರೆ. ಒಂದು ಕರೆಗೆ ನಲವತ್ತು ನಿಮಿಷ.

ಸುತ್ತಿಗೆಯಕ್ಕನಿಗೂ ಜ್ವರ ಬಂದು ಹೋಗಿತ್ತು. ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತ್ತು. ಆದರೆ ಅದಕ್ಕೂ ಮೊದಲೇ ಅವಳೊಳಗೆ ಇನ್ನೇನೋ ಒಂದು ಸದ್ದಿಲ್ಲದೆ ಬಾಗಿಲು ಹಾಕಿಕೊಂಡಿತ್ತು. ಎರಡು ತಿಂಗಳ ಹಿಂದೆ ಅವಳ ಅಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ. ಹಿಂದಿನ ದಿನವಷ್ಟೇ ನರ್ಸೊಬ್ಬಳು ಫೋನಿನಲ್ಲಿ ತೋರಿಸಿದ್ದಳು. ಪರದೆಯಲ್ಲಿ ಅಣ್ಣ ಚೆನ್ನಾಗಿಯೇ ಕಂಡಿದ್ದ, ಕೈ ಕೂಡ ಎತ್ತಿದ್ದ. "ನೋಡಿದ್ರಲ್ಲ, ಆರಾಮಾಗಿದ್ದಾರೆ" ಎಂದಿದ್ದಳು ನರ್ಸು. ಅವಳ ತಪ್ಪೇನು, ಇನ್ನೂ ಹತ್ತು ಮನೆಯವರು ಕಾಯುತ್ತಿದ್ದರು. ಮರುದಿನ ಸುದ್ದಿ ಬಂದಾಗ ತಂಗಿಗೆ ಅಳು ಬರಲಿಲ್ಲ. ಅಳು ಇರುವ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಹತ್ತಿ ತುರುಕಿದ ಹಾಗಿತ್ತು. ನಾಲ್ಕನೇ ದಿನ ಕೆಲಸಕ್ಕೆ ಕೂತಳು. ಹಡಗಿನ ಕೆಲಸದ ಗಂಡ ಯಾವ ಬಂದರಿನವರೂ ಇಳಿಸಿಕೊಳ್ಳದೆ ಏಳು ತಿಂಗಳಿಂದ ನೀರಿನ ಮೇಲೇ ಇದ್ದ. ಅವನು ಫೋನಿನಲ್ಲಿ ಅತ್ತ. ಅವಳು, "ನೆಟ್‌ವರ್ಕ್ ಸರಿಯಿಲ್ಲ, ಆಮೇಲೆ ಮಾತಾಡೋಣ" ಎಂದಳು.

ಹೀಗಿರುವಾಗ ಒಂದು ಬುಧವಾರ ಲಾಂಡ್ರಿಯ ಸರದಿ ಬಂತು.

ಅದು ಮೂರು ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿ. ಬಾಯ್ಲರ್ ನೋಡಿಕೊಳ್ಳುವವನು ಇಪ್ಪತ್ತಾರು ವರ್ಷದ ಹಳಬ. ಅಲ್ಲಿಯವರೆಲ್ಲ ಅವನನ್ನು ಹಬೆಯಣ್ಣ ಎನ್ನುತ್ತಿದ್ದರು, ಅವಳಿಗೂ ಅವನು ಗೊತ್ತು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸುತ್ತಿಗೆ, ಬಾಯಿಗೆ ಮುಸುಕು, ಅದರ ಮೇಲೆ ಹಬೆ ಹಿಡಿದ ಕನ್ನಡಕ.

"ಮೇಡಂ, ನನಗೆ ಮೂರನೇ ಕೈ ಯಾವಾಗ ಮಂಜೂರಾಗುತ್ತೆ?"

"ಫೋನನ್ನ ಮೆಟ್ಟಿಲ ಮೇಲೆ ಒರಗಿಸಿ ಯಜಮಾನ್ರೇ. ಐದು ಕಡೆ ಹೊದಿಕೆ ಬಿಚ್ಚಿಟ್ಟಿದ್ದೀರಲ್ಲ, ಒಂದೊಂದಾಗಿ ತಟ್ಟಿ."

ಅವನು ತಟ್ಟಿದ. ಪರದೆಯಲ್ಲಿ ಸುತ್ತಿಗೆ ಮೇಲೆದ್ದಿತು, ಉಕ್ಕಿಗೆ ಬಿತ್ತು. ಸದ್ದು ಬರಲಿಲ್ಲ. ಮತ್ತೆ ಎದ್ದಿತು, ಬಿತ್ತು. ಏನೂ ಇಲ್ಲ. ಕನಸಿನಲ್ಲಿ ಯಾರೋ ಬಾಗಿಲು ಬಡಿದ ಹಾಗೆ. ಅವಳಿಗೆ ಕಾರಣ ಗೊತ್ತಿತ್ತು. ಈ ಫೋನುಗಳು ಜಾಣ. ಮನುಷ್ಯರ ಮಾತನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ಗದ್ದಲವೆಂದು ನುಂಗಿಬಿಡುತ್ತವೆ. ಬೀದಿಯ ಹಾರ್ನು, ಮಿಕ್ಸಿ, ನಾಯಿ, ಉಕ್ಕಿನ ಮೇಲೆ ಬಿದ್ದ ಸುತ್ತಿಗೆ, ಎಲ್ಲ ಒಂದೇ ಬಾಯಿಗೆ.

ಫಾರಂನ ಏಳನೇ ಪ್ರಶ್ನೆ: ತಟ್ಟಿದ ಸದ್ದು. ಕೆಳಗೆ ಎರಡು ಚೌಕ. ತೃಪ್ತಿಕರ. ಅತೃಪ್ತಿಕರ. ಎರಡರಲ್ಲೊಂದನ್ನು ಒತ್ತದಿದ್ದರೆ ಎಂಟನೇ ಪ್ರಶ್ನೆಗೆ ಫಾರಂ ಹೋಗುವುದಿಲ್ಲ. ಕೇಳಿಸಲಿಲ್ಲ ಎಂಬ ಚೌಕವನ್ನು ಮಾಡಿದವರು ಇಡಲೇ ಇಲ್ಲ. ಕೇಳಿಸದೆ ಯಾರು ಬರೆಯುತ್ತಾರೆ ಎಂದುಕೊಂಡಿರಬೇಕು.

ಅವಳು ತೃಪ್ತಿಕರ ಎಂಬುದನ್ನು ಒತ್ತಿದಳು. ಆ ವಾರ ಅದು ಇಪ್ಪತ್ತಮೂರನೇ ಸಲ. ಮೊದಲ ಸಲ ಬೆರಳು ತಡೆದಿತ್ತು. ಈಗ ತಡೆಯುತ್ತಿರಲಿಲ್ಲ.

"ಮೇಡಂ," ಎಂದ ಹಬೆಯಣ್ಣ, ಸುತ್ತಿಗೆ ಕೆಳಗಿಟ್ಟು. "ಆ ಹಿಂಭಾಗದಲ್ಲಿ ಒಂಥರಾ..."

"ಮುಂದಿನ ಕರೆ ಕಾಯ್ತಿದೆ ಯಜಮಾನ್ರೇ. ಪತ್ರ ಸಂಜೆಗೆ ಬರುತ್ತೆ."

ಪತ್ರ ಸಂಜೆಗೆ ಹೋಯಿತು.

ಹತ್ತೊಂಬತ್ತು ದಿನದ ಮೇಲೆ, ಮಗಳ ತರಗತಿ ಇನ್ನೂ ಶುರುವಾಗಿರದ ಬೆಳಗಿನಲ್ಲಿ, ಫೋನು ಬಂತು.

"ಮೇಡಂ, ನಾನು, ಲಾಂಡ್ರಿ ಬಾಯ್ಲರ್‌ನೋನು. ತೊಂದ್ರೆ ಏನಿಲ್ಲ. ಸುಮ್ನೆ ಮಾಡ್ದೆ."

"ಹೇಳಿ ಯಜಮಾನ್ರೇ."

"ಥ್ಯಾಂಕ್ಸ್ ಹೇಳೋಣ ಅಂತ. ಆಸ್ಪತ್ರೆ ಬಟ್ಟೆ ಮುಟ್ಟೋರು ಅಂತ ನಮ್ಮನ್ನ ಯಾರನ್ನೂ ಮನೆಗೆ ಬಿಡ್ತಿಲ್ಲ ನೋಡಿ. ಇಲ್ಲೇ ಊಟ, ಇಲ್ಲೇ ನಿದ್ದೆ. ನಾನು ಆ ತುದಿ ಉಗ್ರಾಣದಲ್ಲಿ ಮಲಗ್ತಿದ್ದೆ. ಅಲ್ಲಿ ಚಳಿ ಮೇಡಂ, ಮಂಡಿ ಹಿಡ್ಕೊಂಡುಬಿಡುತ್ತೆ. ಬಾಯ್ಲರ್ ಮನೆ ಬೆಚ್ಚಗಿರುತ್ತೆ, ಆದ್ರೆ ಮನಸ್ಸು ಒಪ್ತಿರ್ಲಿಲ್ಲ. ಹಿಂಭಾಗದಲ್ಲಿ ಸಣ್ಣಗೆ ಒಂದು ಸದ್ದು, ಹಾವು ಉಸಿರು ಬಿಟ್ಟ ಹಾಗೆ. ಈಗ ನಿಮ್ಮ ಕಾಗದ ಬಂತಲ್ಲ, ಚಾಪೆ ತಂದು ಅದರ ಬೆನ್ನಿಗೇ ಹಾಕ್ಕೊಂಡಿದ್ದೀನಿ. ಹೆಂಡ್ತಿ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಹಾಗೆ ಇರುತ್ತೆ. ಮಂಡಿ ನೋವೇ ಇಲ್ಲ." ಅವನು ತನ್ನ ಮಾತಿಗೆ ತಾನೇ ನಕ್ಕ. "ಅವಳಿಗೆ ಹೇಳ್ಬೇಡಿ ಮತ್ತೆ."

ಅವಳ ಕೈಯಲ್ಲಿ ಮಗಳ ಹಾಲಿನ ಲೋಟವಿತ್ತು. ಅದನ್ನು ಮೇಜಿನ ಮೇಲಿಟ್ಟಳು.

"ಆ ಸದ್ದು ಈಗ ನಿಂತಿದೆಯಾ?"

"ಇಲ್ಲ, ಇದೆ. ಬಟ್ಟೆ ಎರಡರಷ್ಟಾಗಿದೆ, ಎರಡು ಪಾಳಿ ಉರಿಸ್ತಿದ್ದೀವಿ, ಸದ್ದೂ ಸ್ವಲ್ಪ ಜೋರಾಗಿದೆ. ಆದ್ರೆ ಭಯ ಹೋಯ್ತು. ನೀವು ಸಹಿ ಹಾಕಿದ್ದೀರಲ್ಲ."

ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಆಲದ ಮರದ ಪೊಟರೆಯ ಗಿಳಿಯಲ್ಲಿರುತ್ತದೆ. ಗಿಳಿಗೆ ಅದು ಗೊತ್ತಿರುವುದಿಲ್ಲ. ಹಣ್ಣು ತಿನ್ನುತ್ತ, ರೆಕ್ಕೆ ಕೊಕ್ಕಿನಲ್ಲಿ ತೀಡುತ್ತ ತನ್ನ ಪಾಡಿಗೆ ತಾನಿರುತ್ತದೆ. ಸುತ್ತಿಗೆಯಕ್ಕನೂ ಹತ್ತೊಂಬತ್ತು ದಿನ ಹಾಗೆಯೇ ಇದ್ದಳು. ಇಲ್ಲಿ ಊಟದ ಮೇಜಿನ ಮೇಲೆ ಅವಳ ಬೆರಳು ಒಂದು ಚೌಕವನ್ನು ಒತ್ತಿತ್ತು, ಅಲ್ಲಿ ಒಬ್ಬ ಮನುಷ್ಯ ತನ್ನ ಹೆದರಿಕೆಯನ್ನು ಮಡಿಸಿಟ್ಟು, ಚಾಪೆ ಹೊತ್ತು ತಂದು, ಸಾವಿನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದ.

ಅವಳಿಗೆ ದುಃಖವಾಗಲಿಲ್ಲ. ಹತ್ತಿ ಇನ್ನೂ ಅಲ್ಲೇ ಇತ್ತು. ಆದರೆ ಕಾಲಡಿಯ ನೆಲ ಮಾತ್ರ ತಣ್ಣಗೆ ತಾಗಿತು, ಬಹಳ ದಿನದ ಮೇಲೆ.

"ಯಜಮಾನ್ರೇ, ಒಂದು ಮಾತು ಕೇಳಿ. ಈಗಲೇ ಚಾಪೆ ತೆಗೀರಿ. ಬೆಂಕಿ ಆರಿಸಿ, ಒತ್ತಡ ಇಳೀಲಿ."

"ಯಾಕೆ ಮೇಡಂ?"

"ಅವತ್ತು ನೀವು ತಟ್ಟಿದ್ದು ನನಗೆ ಕೇಳಿಸಲಿಲ್ಲ. ಐದು ಕಡೆಯದೂ ಕೇಳಿಸಲಿಲ್ಲ."

ಆ ಕಡೆ ದೊಡ್ಡ ಯಂತ್ರಗಳು ತಿರುಗುತ್ತಿದ್ದಿರಬೇಕು, ಫೋನು ಅದನ್ನೂ ನುಂಗಿತ್ತು.

"ಕೇಳಿಸ್ಕೊಳ್ದೇನೇ ಸಹಿ ಹಾಕಿದ್ರಾ?" ಎಂದ. ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದ ಮಗುವನ್ನು ಮೇಷ್ಟ್ರು ಕೇಳುವ ಹಾಗೆ, ತಾನೇ ತಪ್ಪು ಕೇಳಿಸಿಕೊಂಡಿರಬಹುದೇನೋ ಎಂಬಂತೆ.

"ಹೌದು."

"ಹಿಂಭಾಗದ್ದು ಡೊಬ್ ಅಂತು ಮೇಡಂ. ನನಗೆ ಕೇಳಿಸ್ತು. ನಿಮಗೂ ಕೇಳಿಸಿರುತ್ತೆ, ಆದ್ರೂ ಪತ್ರ ಕೊಟ್ಟಿದ್ದೀರಿ ಅಂದ್ರೆ ಅಷ್ಟು ಇರ್ಬಹುದೇನೋ, ಓದಿದೋರು ಅಲ್ವಾ, ಅಂದ್ಕೊಂಡೆ."

ಅವಳು ಕಂಪ್ಯೂಟರ್ ತೆರೆದು ಲಾಂಡ್ರಿಯ ಪತ್ರವನ್ನು ರದ್ದು ಮಾಡಿದಳು. ಕಾರಣ ಬರೆಯುವ ಜಾಗದಲ್ಲಿ, "ತಪಾಸಣೆ ನಡೆದಿಲ್ಲ" ಎಂದಷ್ಟೇ ಬರೆದು ಕೆಳಗೆ ತನ್ನ ಹುದ್ದೆ ಹಾಕಿದಳು.

ಹತ್ತು ನಿಮಿಷಕ್ಕೆ ಮುಖ್ಯಸ್ಥರ ಫೋನು.

"ಏನಮ್ಮಾ ಇದು? ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೊಂಡಿದ್ದೀಯಲ್ಲ. ನಡೆದಿಲ್ಲ ಅಂದ್ರೆ ಏನರ್ಥ? ನಲವತ್ತು ನಿಮಿಷದ ಕರೆ ದಾಖಲೆಲಿದೆ."

"ನೋಡಿದ್ದು ನಡೆದಿದೆ ಸರ್. ಕೇಳಿದ್ದು ನಡೆದಿಲ್ಲ."

"ನಿಂದೊಂದೇನಾ? ಎಲ್ಲರದೂ ಹಾಗೇ. ನನಗೆ ಗೊತ್ತಿಲ್ವಾ? ಫೋನಲ್ಲಿ ಸುತ್ತಿಗೆ ಸದ್ದು ಬರಲ್ಲ ಅಂತ ಮೊದಲ ವಾರವೇ ಗೊತ್ತಾಯ್ತು." ಅವರ ದನಿ ಇಳಿಯಿತು. "ನಮ್ಮ ಇಬ್ಬರು ಹುಡುಗರು ಹೋದ್ರಲ್ಲ, ಅವರ ಮನೆಗೆ ಫೋನ್ ಮಾಡಿ ಹೇಳಿದ್ದು ನಾನು. ಒಬ್ಬನ ಹೆಂಡ್ತಿ ನಂಬಲೇ ಇಲ್ಲ, 'ಸರ್, ಅವರು ಬಾಯ್ಲರ್ ಒಳಗಿದ್ದಾರಾ, ಈಚೆಗೆ ಬಂದ್ಮೇಲೆ ಫೋನ್ ಮಾಡಿಸ್ತೀರಾ' ಅಂದ್ಲು. ಇನ್ನೊಂದು ಸಲ ಅಂಥ ಫೋನ್ ಮಾಡೋಕೆ ನನ್ನ ಕೈಲಿ ಆಗಲ್ಲಮ್ಮ. ಸದ್ದು ಬರದೇ ಇದ್ರೆ ಇಲ್ಲ, ನೀವು ಬದುಕಿರಿ ಅಂತ ಆ ಫಾರಂ ಮಾಡಿದೆ. ತಪ್ಪಾ?"

"ತಪ್ಪಲ್ಲ ಸರ್. ಆದ್ರೆ ಅಲ್ಲಿ ಒಬ್ಬರು ನಮ್ಮ ಪತ್ರ ನಂಬಿ ಬಾಯ್ಲರ್‌ಗೆ ಬೆನ್ನು ಹಚ್ಚಿ ಮಲಗ್ತಿದ್ದಾರೆ. ಪತ್ರ ಇಲ್ದೇ ಇದ್ದಾಗ ದೂರ ಮಲಗ್ತಿದ್ರು. ನಾವು ಏನೂ ಮಾಡದೆ ಸುಮ್ನಿದ್ರೆ ಅವರು ಬದುಕಿರ್ತಾರೆ. ನಾವು ಸಹಿ ಹಾಕಿದ್ದಕ್ಕೆ..."

ಅವಳು ಮಾತು ಮುಗಿಸಲಿಲ್ಲ. ಅವರೂ ಮುಗಿಸು ಎನ್ನಲಿಲ್ಲ.

ಅವರು ಫೋನಿಟ್ಟ ಮೇಲೆ ಲಾಂಡ್ರಿಯ ಯಜಮಾನಿ ಫೋನಿಗೆ ಸಿಕ್ಕಿದಳು. ಅವಳ ದನಿಯಲ್ಲಿ ಮೂರು ರಾತ್ರಿಯ ನಿದ್ದೆಗೇಡು.

"ಇವತ್ತು ಬಾಯ್ಲರ್ ನಿಂತ್ರೆ ನಾಳೆ ಮುನ್ನೂರು ಹಾಸಿಗೆಗೆ ಬಟ್ಟೆ ಇಲ್ಲ. ರೋಗಿಗಳನ್ನ ಬರೀ ರಬ್ಬರ್ ಹಾಳೆ ಮೇಲೆ ಮಲಗಿಸ್ಲಾ? ನೀವೇ ಕೊಟ್ರಿ, ನೀವೇ ಕಿತ್ಕೊಳ್ತೀರಿ. ಇದೇನು ಮಕ್ಕಳಾಟನಾ?"

"ಕೊಟ್ಟಿದ್ದು ನನ್ನ ತಪ್ಪು. ಮಕ್ಕಳಾಟ ಆಡಿದ್ದು ನಾನೇ."

ಬೈಗುಳಕ್ಕೆ ಸಿದ್ಧವಾಗಿ ನಿಂತವಳಿಗೆ ಎದುರಿನಿಂದ ತಡೆ ಸಿಗದಿದ್ದರೆ ಮಾತು ಮುಗ್ಗರಿಸುತ್ತದೆ. ಯಜಮಾನಿ ಒಂದು ಕ್ಷಣ ತಡೆದು, "ಹಾಗಾದ್ರೆ ನನ್ನ ಬಟ್ಟೆಗೆ ದಾರಿ ಹೇಳಿ" ಎಂದಳು.

ದಾರಿ ಸುತ್ತಿಗೆಯಕ್ಕನಿಗೆ ಹೊಳೆಯಲಿಲ್ಲ. ಅದನ್ನು ಹುಡುಕಿದವರು ಮುಖ್ಯಸ್ಥರು. ಅರ್ಧ ಗಂಟೆಯಲ್ಲಿ ಮತ್ತೆ ಫೋನು ಮಾಡಿ, ಪೀಠಿಕೆಯಿಲ್ಲದೆ ಹೇಳಿದರು: "ಸ್ಟೇಷನ್ ಹತ್ತಿರದ ದೊಡ್ಡ ವಸತಿಗೃಹ ಇದೆಯಲ್ಲ, ಅವರದೇ ಲಾಂಡ್ರಿ ಇದೆ. ಕಾಯಿಲೆ ಬರೋಕೆ ಹದಿನೈದು ದಿನ ಮುಂಚೆ ಆ ಬಾಯ್ಲರ್ ನೀನೇ ಒಳಗೆ ಹೊಕ್ಕು ನೋಡಿದ್ದು, ಕಡತ ನನ್ನ ಮುಂದಿದೆ. ಈಗ ಅತಿಥಿಗಳಿಲ್ಲದೆ ತಣ್ಣಗೆ ಕೂತಿದೆ. ಮ್ಯಾನೇಜರ್ ಜೊತೆ ಮಾತಾಡಿದ್ದೀನಿ. ಆ ಯಮ್ಮಂಗೆ ನಂಬರ್ ಕೊಡು." ಆಮೇಲೆ ತಡೆದು, "ನೀನು ಹೋಗ್ತೀಯಾ?" ಎಂದರು.

"ಹೋಗ್ತೀನಿ ಸರ್. ತಣಿಯೋಕೆ ಎರಡು ದಿನ ಬೇಕು. ನಾಡಿದ್ದು."

"ಮನೇಲಿ ಕೇಳಿದ್ಯಾ?"

ಕೇಳಿರಲಿಲ್ಲ. ಅತ್ತೆಗೆ ಹಳೆಯ ಉಬ್ಬಸ. ಈ ಕಾಯಿಲೆ ಉಬ್ಬಸದವರನ್ನು ಹುಡುಕಿ ಹುಡುಕಿ ಹಿಡಿಯುತ್ತದೆ ಎಂದು ಟಿವಿ ದಿನಾ ಹೇಳುತ್ತಿತ್ತು. ಆ ಲಾಂಡ್ರಿಗೋ ಊರಿನ ಕಾಯಿಲೆಯೆಲ್ಲ ಗಂಟು ಕಟ್ಟಿಕೊಂಡು ಬರುತ್ತದೆ.

ಮಧ್ಯಾಹ್ನ ತಟ್ಟೆ ತೊಳೆಯುತ್ತ ಹೇಳಿದಳು. ಅತ್ತೆ ಒರೆಸುತ್ತಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದರು, ನೀರಾರಿದ ಮೇಲೂ.

"ನನಗೆ ಬದುಕೋಕೆ ಆಸೆ ಇಲ್ಲ ಅಂತ ಅಂದ್ಕೋಬೇಡ," ಎಂದರು ಕೊನೆಗೆ. "ಇದೆ. ಮಗ ಹಡಗಿಂದ ಇಳಿಯೋದು ನೋಡ್ಬೇಕು. ಈ ಪುಟ್ಟಿಗೆ ಹೊಲಿಗೆ ಕಲಿಸ್ಬೇಕು."

"ಗೊತ್ತು ಅತ್ತೆ. ಬೇರೆ ಯಾರಾದ್ರೂ ಹೋಗ್ತಾರಾ ಅಂತ ಸರ್‌ಗೆ ಕೇಳ್ಲಾ?"

"ಆ ಬೇರೆ ಯಾರಿಗೋ ಅತ್ತೆ ಇಲ್ವಾ?" ತಟ್ಟೆಯನ್ನು ಕಪಾಟಿಗೆ ಸೇರಿಸಿದರು. "ಮುಂದಿನ ಕೋಣೆ ಖಾಲಿ ಮಾಡಿ ಕೊಡ್ತೀನಿ, ಅದಕ್ಕೆ ಹೊರಗಿಂದಲೇ ಬಾಗಿಲಿದೆ. ಬಂದೋಳು ನೇರ ಅಲ್ಲಿಗೆ ಹೋಗು, ಮತ್ತೆ ಕೆಲಸಕ್ಕೆ ಹೋಗ್ಬೇಕಾದ್ರೂ ಆ ಬಾಗಿಲಿಂದಲೇ. ಊಟ ಬಾಗಿಲ ಮುಂದೆ. ಹದಿನಾಲ್ಕು ದಿನ ನಿನ್ನ ಮುಖ ನೋಡ್ದೆ ಇದ್ರೆ ನನಗೇನು ನಷ್ಟ, ಹೇಗೂ ಎರಡು ತಿಂಗಳಿಂದ ನೀನು ಮುಖ ಹೊರಗೆ ತಂದೇ ಇಲ್ಲ."

ಅವಳು ಅತ್ತೆಯನ್ನು ನೋಡಿದಳು. ಅತ್ತೆ ಆಗಲೇ ಕೋಣೆ ಗುಡಿಸಲು ಪೊರಕೆ ಹುಡುಕುತ್ತಿದ್ದರು.

ಮೂರನೇ ದಿನ ಸ್ಕೂಟರಿನಲ್ಲಿ ಹೋದಳು. ಬೀದಿಗಳು ಪರೀಕ್ಷೆ ಮುಗಿದ ಶಾಲೆಯ ಹಾಗಿದ್ದವು. ಅಂಗಡಿಯ ಷಟರುಗಳ ಮೇಲೆ ಧೂಳು ಒಂದೇ ಬಣ್ಣದಲ್ಲಿ ಕೂತಿತ್ತು. ತಡೆಗಂಬದ ಬಳಿ ಪೊಲೀಸ್ ಪೇದೆ ಅವಳ ಅನುಮತಿ ಚೀಟಿಯನ್ನು ದೂರದಿಂದಲೇ ಓದಿ, "ಬಾಯ್ಲರ್ ತಪಾಸಣೆ? ಈಗಲೂ ಮಾಡ್ತಾರಾ ಅದನ್ನ?" ಎಂದ. "ಇವತ್ತಿಂದ" ಎಂದಳು.

ಲಾಂಡ್ರಿಯ ಅಂಗಳದಲ್ಲಿ ಮೂಟೆಗಳನ್ನು ವಸತಿಗೃಹದ ವ್ಯಾನಿಗೆ ತುಂಬುತ್ತಿದ್ದರು. ಯಜಮಾನಿ ಅಲ್ಲೇ ನಿಂತಿದ್ದಳು. ಮಾತಾಡಿಸಲಿಲ್ಲ, ದಾರಿ ಮಾತ್ರ ಬಿಟ್ಟಳು. ಬಾಯ್ಲರ್ ಮನೆಯಲ್ಲಿ ಹಬೆಯಣ್ಣ ಕಾಯುತ್ತಿದ್ದ. ಎದುರಿಗೆ ಅವನು ಫೋನಿನಲ್ಲಿ ಕಂಡದ್ದಕ್ಕಿಂತ ಗಿಡ್ಡ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಬಾಯ್ಲರಿನ ಹಿಂದೆ, ಗೋಡೆಗೂ ಉಕ್ಕಿಗೂ ನಡುವಿನ ಸಂದಿಯಲ್ಲಿ, ಚಾಪೆ ಹಾಸಿದ್ದ ಜಾಗ ಇನ್ನೂ ಗೊತ್ತಾಗುತ್ತಿತ್ತು. ಅಲ್ಲಷ್ಟೇ ನೆಲದ ಮೇಲೆ ಮಸಿ ಇರಲಿಲ್ಲ. ಒಬ್ಬ ಮನುಷ್ಯನ ಉದ್ದ, ಒಬ್ಬ ಮನುಷ್ಯನ ಅಗಲ.

"ಇಲ್ಲೇನಾ?"

"ಇಲ್ಲೇ. ತಲೆ ಈ ಕಡೆ."

ಹೊದಿಕೆಯ ತಗಡನ್ನು ಅವನೇ ಬಿಚ್ಚಿದ. ಮೇಲಿನ ಕವಾಟವೊಂದು ಎಷ್ಟು ಕಾಲದಿಂದ ತೊಟ್ಟಿಕ್ಕುತ್ತಿತ್ತೋ, ತಗಡಿನೊಳಗಿನ ಹತ್ತಿಯಂಥ ಹೊದಿಕೆ ನೀರು ಕುಡಿದು ಕಪ್ಪಾಗಿ ಉಕ್ಕಿಗೆ ಅಂಟಿಕೊಂಡಿತ್ತು. ಅವಳು ಮಂಡಿಯೂರಿ ಕೂತಳು. ಮುಖಕ್ಕೆ ಅಡ್ಡ ಕಟ್ಟಿದ ಗಾಜಿನೊಳಗೆ ಅವಳ ಉಸಿರೇ ಅವಳಿಗೆ ಬಿಸಿಯಾಗಿ ತಾಗುತ್ತಿತ್ತು. ಮೊದಲು ಒಳ್ಳೆಯ ಜಾಗದಲ್ಲಿ ತಟ್ಟಿದಳು. ಠಣ್. ಆ ಸದ್ದು ಬಾಯ್ಲರಿನೊಳಗೆ ಹೋಗಿ ಸುತ್ತಿ ತಿರುಗಿ ಬಂತು. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ಗೇಣು ಕೆಳಗೆ ತಟ್ಟಿದಳು. ಠಣ್. ಇನ್ನೂ ಗೇಣು ಕೆಳಗೆ.

ಡೊಬ್.

ಒದ್ದೆ ಮಣ್ಣಿನ ಗೋಡೆಗೆ ಗುದ್ದಿದ ಹಾಗೆ. ಹೋದ ಸದ್ದು ತಿರುಗಿ ಬರಲೇ ಇಲ್ಲ.

ಅವಳು ಹಬೆಯಣ್ಣನ ಕಡೆ ತಿರುಗಲಿಲ್ಲ. ಅಲ್ಲಿ ತುಕ್ಕು ಕೆರೆದು ದಪ್ಪ ಅಳೆಯುವ ಉಪಕರಣವನ್ನಿಟ್ಟಳು. ಹನ್ನೆರಡು ಮಿಲಿಮೀಟರ್ ಇರಬೇಕಾದ ಕಡೆ ಅದು ನಾಲ್ಕು ಎಂದಿತು. ಅಂಗೈಯಗಲದ ಜಾಗ ಪೂರ್ತಿ ನಾಲ್ಕು, ನಡುವೆ ಒಂದು ಕಡೆ ಮೂರು.

ಬಾಗಿಲಲ್ಲಿ ನಿಂತಿದ್ದ ಯಜಮಾನಿ, "ಅಂದ್ರೆ?" ಎಂದಳು.

"ಅಂದ್ರೆ ಇಷ್ಟು ದಿನ ಇದು ನಿಂತಿದ್ದು ಅದರ ಪುಣ್ಯ," ಎಂದ ಹಬೆಯಣ್ಣ. ಆಮೇಲೆ, ತಮಾಷೆ ಮಾಡಲು ಹೊರಟವನಂತೆ, "ನಾನೂ ಹೆಂಡ್ತಿನೇ ಅಂದ್ಕೊಂಡು..." ಎಂದು ಶುರು ಮಾಡಿದವನು ಮಸಿ ಇಲ್ಲದ ಆ ನೆಲದ ಕಡೆ ನೋಡಿ ನಿಲ್ಲಿಸಿದ. ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತ. ಯಜಮಾನಿ ಓಡಿ ಹೋಗಿ ನೀರು ತಂದಳು. ಮುಟ್ಟಬಾರದು, ಹತ್ತಿರ ಹೋಗಬಾರದು ಎಂಬುದನ್ನೆಲ್ಲ ಮರೆತು ಅವನ ಕೈಗೆ ಲೋಟ ಹಿಡಿಸಿ, ಬೆರಳುಗಳನ್ನು ಅದರ ಸುತ್ತ ಮಡಿಸಿದಳು.

"ಯಜಮಾನ್ರೇ," ಎಂದಳು ಸುತ್ತಿಗೆಯಕ್ಕ. "ಅವತ್ತು ನೀವು ಹಿಂಭಾಗದಲ್ಲಿ ಒಂಥರಾ ಅಂದ್ರಿ. ನಾನು ಮಾತು ಮುಗಿಸೋಕೆ ಬಿಡಲಿಲ್ಲ."

ಹಬೆಯಣ್ಣ ನೀರು ಕುಡಿದ. ಕ್ಷಮಿಸಿದೆ ಎನ್ನಲಿಲ್ಲ. "ನಮ್ಮಂಥೋರ ಮಾತು ಮುಗಿಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ ಮೇಡಂ," ಎಂದ. "ಕೈಗೆ ಬರೀ ಫೋನು ಕೊಟ್ರೆ ಆಗಲ್ಲ."

ಅವಳು ತಲೆಯಾಡಿಸಿದಳು. ಬಾಯ್ಲರಿಗೆ ಕೆಂಪು ಚೀಟಿ ಕಟ್ಟಿದಳು. ರಿಪೇರಿಯಾಗುವವರೆಗೆ ಯಾರೂ ಉರಿಸುವಂತಿಲ್ಲ. ಆಮೇಲೆ ಅಲ್ಲೇ, ಮೂಟೆಯೊಂದರ ಮೇಲೆ ಕೂತು, ಮುಖ್ಯಸ್ಥರಿಗೆ ಫೋನು ಮಾಡಿ ಅಂಕಿಗಳನ್ನು ಹೇಳಿದಳು. ನಾಲ್ಕು. ನಾಲ್ಕು. ಮೂರು. ಅವರು ಬರೆದುಕೊಳ್ಳುವ ಸದ್ದು ಕೇಳಿಸಲಿಲ್ಲ. ಉಸಿರು ಕೇಳಿಸಿತು.

"ನಾನು ಹೀಗೆ ಕೊಟ್ಟ ಪತ್ರಗಳು ಮುನ್ನೂರ ನಲವತ್ತೆರಡು ಇವೆ ಸರ್."

"ಎಲ್ಲದಕ್ಕೂ ಹೋಗೋಕೆ ಆಗಲ್ಲಮ್ಮ. ಜನ ಇಲ್ಲ."

"ಎಲ್ಲದಕ್ಕೂ ಬೇಡ. ಯಾವುದಕ್ಕೆ ಹೋಗಲೇಬೇಕು ಅಂತ ಕಂಡುಹಿಡೀತೀನಿ."

"ಹೇಗೆ?"

"ಕೇಳ್ತೀನಿ."

"ಪಟ್ಟಿ ನನಗೂ ಕಳಿಸು," ಎಂದರು ಮುಖ್ಯಸ್ಥರು. "ಕುರ್ಚಿ ಮೇಲೆ ಕೂತು ಎಂಟು ವರ್ಷ ಆಯ್ತು, ಮಂಡಿ ಮಡಿಚುತ್ತೋ ಇಲ್ವೋ. ಮೇಲಿನವರಿಗೆ ಕಾರಣ ನಾನೇ ಬರೀತೀನಿ, ಫಾರಂ ಮಾಡಿದೋನು ನಾನಲ್ವಾ."

ಆ ಮಧ್ಯಾಹ್ನದಿಂದ ಮುಂದಿನ ಕೋಣೆಯ ಬಾಗಿಲು ಮುಚ್ಚಿತು. ಮಂಚ, ಒಂದು ಕುರ್ಚಿ, ಕಿಟಕಿ. ಬಾಗಿಲಿನ ಆ ಕಡೆ ಮಗಳು ಕೂತು, "ಅಮ್ಮಾ, ಏಳೆಂಟ್ಲ ಎಷ್ಟು ಕೇಳು" ಎನ್ನುತ್ತಿದ್ದಳು. ಅತ್ತೆ ಊಟದ ತಟ್ಟೆ ಇಟ್ಟು, ಬಾಗಿಲು ಬಡಿದು, ಹತ್ತು ಹೆಜ್ಜೆ ಹಿಂದೆ ಸರಿದು, "ಉಪ್ಪು ಹೆಚ್ಚಾಗಿದೆ ಅಂತ ಬೈದುಬಿಡೇ ಒಂದು ಸಲ, ನಿನಗೆ ರುಚಿ ಬಂತು ಅಂತ ನನಗೆ ಗೊತ್ತಾಗ್ಲಿ" ಎನ್ನುತ್ತಿದ್ದರು. ರುಚಿ ಬಂದಿರಲಿಲ್ಲ. ಅವಳು ಸುಳ್ಳು ಹೇಳಲಿಲ್ಲ. "ಗೊತ್ತಾಗ್ತಿಲ್ಲ ಅತ್ತೆ" ಎಂದಳು. ಆಚೆ ಕಡೆಯಿಂದ, "ಸರಿ, ಗೊತ್ತಾದಾಗ ಹೇಳು" ಎಂಬ ಉತ್ತರ ಬಂತು.

ಕರೆಗಳನ್ನು ಅವಳು ಪಟ್ಟಿಯ ಮೊದಲಿಂದ ಶುರು ಮಾಡಿದಳು. ಫಾರಂ ತೆರೆಯಲಿಲ್ಲ. ಒಂದು ಹಾಳೆ, ಒಂದು ಪೆನ್ನು. ಬಾಯ್ಲರ್ ನೋಡಿಕೊಳ್ಳುವವರೇ ಫೋನಿಗೆ ಬರಬೇಕು ಎನ್ನುತ್ತಿದ್ದಳು, ಮ್ಯಾನೇಜರ್ ಬೇಡ. ಅವರು ಬಂದ ಮೇಲೆ ಹೊತ್ತು ನೋಡುತ್ತಿರಲಿಲ್ಲ. ಮೊದಲ ದಿನ ಆರು ಕರೆ ಮುಗಿದವು. ಆರರಲ್ಲಿ ಐದು ಕಡೆ ಭಯಪಡುವಂಥದ್ದೇನೂ ಇರಲಿಲ್ಲ. ಒಂದು ಕಡೆ ಅನುಮಾನ, ಅದನ್ನು ಮುಖ್ಯಸ್ಥರು ತಾವೇ ನೋಡುವುದಾಗಿ ತೆಗೆದುಕೊಂಡರು.

ಏಳನೆಯದು ಔಷಧಿಯ ಬಾಟಲಿ ತೊಳೆಯುವ ಒಂದು ಸಣ್ಣ ಕಾರ್ಖಾನೆ. ಫೋನಿಗೆ ಬಂದವಳು ಹೆಂಗಸು. ಗಂಡ ಆಸ್ಪತ್ರೆಯಲ್ಲಿದ್ದ ಕಾರಣ ಬಾಯ್ಲರನ್ನು ಅವಳೇ ನೋಡಿಕೊಳ್ಳುತ್ತಿದ್ದಳು.

"ಪತ್ರ ಬಂದಿದೆ ಮೇಡಂ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೀವಿ. ಇನ್ನೇನು ತೋರಿಸ್ಬೇಕು?"

"ಏನೂ ತೋರಿಸ್ಬೇಡಮ್ಮ. ಒಂದೇ ಒಂದು ಹೇಳು. ಬಾಯ್ಲರ್ ಹತ್ತಿರ ಯಾರು ಇರ್ತಾರೆ?"

"ಈ ಪ್ರಶ್ನೆ ಹೋದ ಸಲ ಕೇಳಿರ್ಲಿಲ್ವಲ್ಲ ನೀವು?"

"ಕೇಳಿರ್ಲಿಲ್ಲ."

ಆ ಕಡೆ ಹೆಂಗಸು ಫೋನನ್ನು ಕೈಯಿಂದ ಕೈಗೆ ಬದಲಿಸಿದ ಹಾಗಾಯಿತು. "ನಾನಿರ್ತೀನಿ. ಮತ್ತೆ... ಮಕ್ಕಳಿಬ್ಬರು. ಶಾಲೆ ಇಲ್ಲ ನೋಡಿ. ಅದರ ಗೋಡೆಗೆ ಒತ್ತಿದ ಹಾಗೆ ಒಂದು ಸಣ್ಣ ಕೋಣೆ ಇದೆ, ಬೆಚ್ಚಗಿರುತ್ತೆ, ಓದ್ಕೊಳ್ತಾರೆ ಅಂತ... ಯಾಕೆ ಮೇಡಂ?"

"ಮಕ್ಕಳನ್ನ ಈಗಲೇ ಹೊರಗೆ ಕರೆದುಕೋ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ," ಎಂದಳು ಸುತ್ತಿಗೆಯಕ್ಕ. "ಆಮೇಲೆ ಬೆಂಕಿ ಆರಿಸು. ನಾಡಿದ್ದು ನಾನೇ ಬರ್ತೀನಿ."